ಬಿಡಿಡಿ ಚಾಳಿನ ಮೋರಿ ಸೋರಿಕೆ: ನಾನು ನಿಲ್ಲಿಸಿದ್ದು ಹೀಗೆ

ಮುಂಬೈ ನಾಯಗಾಂವ್‌ನ ಬಿಡಿಡಿ ಚಾಳಿನಲ್ಲಿ ನಾನು ಮಾಡಿದ ಮೋರಿ, ಅಂದರೆ ಮನೆಯೊಳಗಿನ ಸ್ನಾನದ ಮೂಲೆ, ನಾಲ್ಕು ಮಳೆಗಾಲ ಕಂಡಿದೆ, ಕೆಳಗಿನ ಖೋಲಿಗೆ (ಕೋಣೆಗೆ) ಒಂದು ಹನಿ ಇಳಿದಿಲ್ಲ. 'ಒಡೆದರೆ ನೂರು ವರ್ಷದ ಸ್ಲ್ಯಾಬೇ ಕೆಳಗೆ ಬರುತ್ತೆ' ಅಂದಿದ್ದ ಮಿಸ್ತ್ರಿಗಳೇ ಈಗ ಕೆಲಸಕ್ಕೆ ನನ್ನ ನಂಬರು ಕೊಡ್ತಾರೆ.

1920ರ ದಶಕದಲ್ಲಿ ಸರ್ಕಾರದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ (ಬಿಡಿಡಿ) ಕಟ್ಟಿಸಿದ ಈ ಚಾಳುಗಳ ಒಂದೊಂದು ಕಟ್ಟಡದಲ್ಲೂ 80 ಖೋಲಿ, ಮಹಡಿಗೆ 20. ನಡುವೆ ಉದ್ದಕ್ಕೆ ಓಣಿ, ಎರಡೂ ಕಡೆ ಸುಮಾರು 160 ಚದರಡಿಯ ಖೋಲಿಗಳು, ಸಂಡಾಸು ಎಲ್ಲರಿಗೂ ಸೇರಿ. ಒಂದರ ಮೇಲೊಂದು ಮೋರಿ. ಹಾಗಾಗಿ ಸೋರಿಕೆ ಯಾವಾಗಲೂ ಅದೇ ಮೂಲೆಗೆ ಇಳಿಯುತ್ತೆ, ಅಲ್ಲೇ ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟಿನ ಹಪ್ಪಳ ಉದುರಿಸುತ್ತೆ. ಮುರಿದ ಜಾಗಕ್ಕೆ ಫೀನಾಲ್ಫ್ಥಲೀನ್ ಸಿಂಪಡಿಸಿ ನೋಡಿ. ಕ್ಷಾರ ಉಳಿದಿರುವ ಒಳ್ಳೆ ಕಾಂಕ್ರೀಟ್ ಗುಲಾಬಿಯಾಗುತ್ತೆ. ಇಲ್ಲಿ ಸರಳಿನ ಆಳದವರೆಗೂ ಬಣ್ಣವೇ ಬರಲಿಲ್ಲ, ಅಂದರೆ ಸರಳನ್ನು ತುಕ್ಕಿನಿಂದ ಕಾಯುವ ಕ್ಷಾರ ಉಳಿದಿರಲಿಲ್ಲ.

ಮೊದಲು ಕೆಳಗಿನಿಂದಲೇ ಗ್ರೌಟ್ (ಬಿರುಕಿಗೆ ತುಂಬುವ ತೆಳು ಮಿಶ್ರಣ) ಹೊಡೆದಿದ್ದೆ. ಹದಿನೈದು ಸಾವಿರದ ಹತ್ತಿರ ಹೋಯ್ತು, ಮಳೆಗಾಲ ಮುಗಿಯೋದ್ರೊಳಗೆ ಪಕ್ಕದ ಮೂಲೆಯಲ್ಲಿ ನೀರು. ಮೇಲೆ ಬಳಿಯುವ ರಾಸಾಯನಿಕ ಅದಕ್ಕಿಂತ ಬೇಗ ಸೋತಿತು. ಟೈಲ್ಸ್ ಕೆಳಗೆ ನೀರು ನಿಂತಿರುವಾಗ ಮೇಲೆ ಎಷ್ಟು ಬಳಿದರೂ ಅಷ್ಟೇ.

ಒಡೆಯೋದೇ ದಾರಿ. ಆದರೆ ಮೇಲಿನ ಮನೆಯವರು ಕಲಬುರಗಿ ಕಡೆಯ ಅಮ್ಮ. 'ಮೋರಿ ಒಡದ್ರ ನಾವ್ ಎಲ್ಲಿ ಝಳಕಾ ಮಾಡೂದ್ರೀ?' ಅಂದ್ರು. ಸೋರಿಕೆ ನಿಂತರೆ ಲಾಭ ಕೆಳಗಿನವರಿಗೇ ತಾನೆ, ಹಾಗಾಗಿ ಕೆಳಗಿನವರ ಮೋರಿಯನ್ನೇ ವಾರದ ಮಟ್ಟಿಗೆ ಅಮ್ಮನಿಗೆ ಬಿಡಿಸಿಕೊಟ್ಟೆ. ಕೆಡವೋ ಕಟ್ಟಡಕ್ಕೆ ದುಡ್ಡು ಯಾಕೆ ಅಂತ ಓಣಿಯಲ್ಲಿ ನಗಾಡಿದವರೂ ಇದ್ದರು. ಚಾಳು ಕೆಡವಿ ಮ್ಹಾಡಾ (ರಾಜ್ಯದ ವಸತಿ ಪ್ರಾಧಿಕಾರ) ಕೊಡೋ 500 ಚದರಡಿ ಫ್ಲ್ಯಾಟು ಸಿಗುವಾಗ ಸಿಗಲಿ, ಅಲ್ಲಿವರೆಗೂ ತಲೆ ಮೇಲೆ ಹಪ್ಪಳ ಬೀಳೋದನ್ನ ನೋಡ್ತಾ ಕೂರೋಕಾಗುತ್ತಾ?

ಒಡೆಯುವ ಯಂತ್ರ, ಬ್ರೇಕರ್, ಮುಟ್ಟಲಿಲ್ಲ. ಬರೀ ಉಳಿ, ಸುತ್ತಿಗೆ, ಕೆಳಗೆ ಜಾಕು. ಹಿಂದಿನವರು ಹಳೇ ಟೈಲ್ಸ್ ಮೇಲೇ ಹೊಸ ಟೈಲ್ಸ್ ಹಾಕ್ತಾ ಬಂದಿದ್ರು, ಮೂರು ಪದರ ಸಿಕ್ಕಿತು. ರಾಬಿಟ್ಟನ್ನು (ಒಡೆದ ಚೂರು, ಗಾರೆ) ಗೋಣಿಯಲ್ಲಿ ತುಂಬಿ ತೂಗಿಸಿದೆ. ತೆಗೆದ ಭಾರಕ್ಕಿಂತ ಹಾಕುವ ಭಾರ ಹೆಚ್ಚಬಾರದು, ನನ್ನ ಲೆಕ್ಕ ಅಷ್ಟೇ. ಅರ್ಧ ಟನ್ನಿಗೆ ಒಂದಿಷ್ಟು ಕಮ್ಮಿ ಇಳಿಯಿತು, ವಾಪಸ್ ಹಾಕಿದ್ದು ಅದರ ಅರ್ಧದಷ್ಟು. ಮೆಟ್ಟಿಲಿಳಿಸಿದ ಹಮಾಲಿಯೇ ಸಿಮೆಂಟಿಗಿಂತ ದುಬಾರಿಯಾಯ್ತು.

ಆಮೇಲೆ ಹೊಸ ನಹಾಣಿ ಟ್ರ್ಯಾಪ್ (ನೀರು ಹೋಗುವ ಜಾಲಿ ಬಾಯಿ), ಪಾಲಿಮರ್ ಬೆರೆಸಿದ ಸಿಮೆಂಟ್ ಸ್ಲರಿ, ತೆಳುವಾದ ಬ್ರಿಕ್‌ಬ್ಯಾಟ್ ಕೋಬಾ (ಇಟ್ಟಿಗೆ ಚೂರು, ಗಾರೆಯ ಪದರ), ನೆಲ-ಗೋಡೆ ಕೂಡುವ ಮೂಲೆಗೆ ದುಂಡಾಗಿ ಗಾರೆಯ ಗೋಲಾ. ಇಟ್ಟಿಗೆ ಚೂರನ್ನು ರಾತ್ರಿಯಿಡೀ ನೆನೆಸಿಡಿ. ಪೈಪಿನ ಕೊರಳಿಗೆ ನಾನು ತುಂಬಿದ ಮಿಶ್ರಣ ಮಾತ್ರ ಕೇಳಬೇಡಿ, ಅದರಲ್ಲೇ ನನ್ನ ಅನ್ನ ಇದೆ.

ಒಂದು ಮೂಲೆಯಲ್ಲಿ ಹಳೇ ಕಾಲದ ಹಾಗೆ ಸುಣ್ಣಕ್ಕೆ ಬೆಲ್ಲ, ಅಳಲೇಕಾಯಿ ನೀರು ಬೆರೆಸಿಯೂ ನೋಡಿದೆ. ಗಟ್ಟಿಯಾಗೋ ಮೊದಲೇ ಇರುವೆ ಸಾಲು. ಕೆರೆದು ತೆಗೆಸಿದೆ.

ಟೈಲ್ಸ್ ಹಾಕೋ ಮುಂಚೆ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಸೋರುತ್ತಾ ನೋಡಿ. ಕೆಳಗಿನ ಛಾವಣಿಯಲ್ಲಿ ತುಕ್ಕು ಹಿಡಿದ ಸರಳನ್ನು ಉಜ್ಜಿ ಪಾಲಿಮರ್ ಗಾರೆ ತುಂಬೋದು ಆಮೇಲಿನ ಮಾತು. ಒಟ್ಟು ನಲವತ್ತು ಸಾವಿರದ ಆಚೀಚೆ. ಮೇಲಿನವರು ಅರ್ಧ, ಕೆಳಗಿನವರು ಅರ್ಧ. ಮುಂಗಡ ಇಬ್ಬರಿಂದಲೂ ಒಂದೇ ದಿನ ತಗೊಳ್ಳಿ.