ಪೇಟಿಯ ಗಾಂಧಾರ ತಂಬೂರಿಗೆ ಕೂಡಿದ್ದು: ನನ್ನ ಅನುಭವ

ಪೇಟಿಯ (ಹಾರ್ಮೋನಿಯಂನ) ರೀಡುಗಳನ್ನು, ಅಂದರೆ ದನಿ ಹೊಮ್ಮಿಸುವ ಹಿತ್ತಾಳೆ ಪಟ್ಟಿಗಳನ್ನು, ಒಂದೇ ಷಡ್ಜಕ್ಕೆ ಕೂಡುವಂತೆ ಕೆರೆದರೆ ಬೇರೆ ಷಡ್ಜಕ್ಕೆ ಆಮೇಲೆ ಅದು ಬರೀ ಕಟ್ಟಿಗೆ ಅಂದವರೇ ಹೆಚ್ಚು. ಎರಡು ಸಾಲು ರೀಡುಗಳಿರುವ ಜೋಡಿ ರೀಡಿನ ಪೇಟಿಯಲ್ಲಿ ಆ ಭಯ ಬೇಡ. ಒಂದು ಸಾಲನ್ನು ಕರಿ 1ಕ್ಕೆ (ಮೊದಲ ಕಪ್ಪು ಮನೆಯೇ ಷಡ್ಜ) ಕೂಡಿಸಿದೆ, ಇನ್ನೊಂದನ್ನು ಮುಟ್ಟಲಿಲ್ಲ. ಸಾಲುಗಳಿಗೆ ಗಾಳಿ ಬಿಡುವ ಎರಡೂ ಸ್ಟಾಪರ್ ಒಟ್ಟಿಗೆ ತೆಗೆಯಬಾರದು, ಅಷ್ಟೇ.

ತಂಬೂರಿಗೆ ಕೂಡಬೇಕಾದರೆ ಅಂಗಡಿಯ ಸಮ ಅಂತರದ ಶ್ರುತಿಯಿಂದ ಗ 14, ಧ 16, ನಿ 12 ಸೆಂಟ್ (ಪಕ್ಕದ ಎರಡು ಮನೆಗಳ ಅಂತರದ ನೂರರಲ್ಲೊಂದು ಪಾಲು) ಇಳಿಯಬೇಕು; ಕೋಮಲ (ತಗ್ಗಿನ) ಗ 16, ಕೋಮಲ ಧ 14 ಏರಬೇಕು. ಮ, ಪ ಎರಡೆರಡು ಸೆಂಟಿನ ಮಾತು, ನಾನು ಕೈ ಹಚ್ಚುವುದಿಲ್ಲ. ಬುಡ ಕೆರೆದರೆ ಇಳಿತ, ತುದಿ ಕೆರೆದರೆ ಏರಿಕೆ ಎಂದು ಎಲ್ಲರಿಗೂ ಗೊತ್ತು. ಕೆಡುವುದು ಬೇರೆ ಕಡೆ. ಉಜ್ಜಿದ ಹಿತ್ತಾಳೆ ಬಿಸಿಯಾಗಿ ಸ್ವರ ಇಳಿದಂತೆ ಕೇಳಿಸುತ್ತದೆ. ಆರಿದ ಮೇಲೆ ಮತ್ತೆ ಏರುತ್ತದೆ. ಆದ್ದರಿಂದ ಎರಡು ಗೀರು, ಹತ್ತು ನಿಮಿಷ ಬಿಡುವು. ಪರೀಕ್ಷೆಯೂ ರೀಡನ್ನು ಪೇಟಿಯೊಳಗೆ ಕೂರಿಸಿಯೇ, ಸಾಥಿಗೆ (ಗಾಯಕರ ಜೊತೆ ನುಡಿಸಲು) ಎಷ್ಟು ಗಾಳಿಯೋ ಅಷ್ಟೇ ಹಾಕಿ. ತಿದಿ ಜೋರಾದರೆ ಸ್ವರ ತುಸು ಇಳಿಯುತ್ತದೆ. ಮೊದಲು ಗಾಂಧಾರವನ್ನು ಅತಿ ಇಳಿಸಿ, ತುದಿ ಕೆರೆದು ಎತ್ತಿದೆ. ರೀಡು ಸವೆದು ದನಿ ತಡವಾಗಿ ಬರತೊಡಗಿತು. ಹೀಗೆ ಆರೇಳು ರೀಡು ಹಾಳು, ಕೂಲಿ ಸೇರಿ ಸುಮಾರು 3,000 ರೂಪಾಯಿ ನೀರಿಗೆ.

ಶ್ರುತಿ ಅಳೆಯುವ ಮೀಟರಿಗಿಂತ ತಂಬೂರಿ ಲೇಸು. ಮಧ್ಯ ಸಪ್ತಕದ ಸ ಜೊತೆ ಗ ಹಿಡಿದರೆ ಮೊದಲು ಸೆಕೆಂಡಿಗೆ ಐದಾರು ಸಲ ದನಿ ತುಯ್ಯುವ ಅಲೆ ಕೇಳಿಸುತ್ತವೆ. ಅಲೆ ನಿಂತರೆ ಗಾಂಧಾರ ಕೂಡಿತು. ಒಂದು ತೊಡಕು ಉಳಿಯುತ್ತದೆ: ರಿ, ಧ ಒಟ್ಟಿಗೆ ಒತ್ತಿದರೆ ಒಡಕು. ಒತ್ತಬೇಡಿ.

ಹೀಗೆ ಏರಿಸಿದ ಕೋಮಲ ಗ ತೋಡಿ ರಾಗಕ್ಕೆ ಬಹಳ ಎತ್ತರ. ರೀಡಿನ ತುದಿಗೆ ಮೇಣದ ಚುಕ್ಕೆ ಇಟ್ಟು ಇಳಿಸಿ ನೋಡಿದೆ; ಕಾರ್ಯಕ್ರಮದ ದೀಪದ ಝಳಕ್ಕೆ ಕಳಚಿತು. ಕೋಮಲ ನಿ ಎಲ್ಲಿ ನಿಲ್ಲಿಸುತ್ತೇನೆ ಎಂಬುದು ಎದುರು ಕೂತವರಿಗೆ ಮಾತ್ರ ಹೇಳುತ್ತೇನೆ.

ಶ್ರುತಿ ಕೂಡಿದ ಮೇಲೆ ಸಾಥಿಯ ರೀತಿಯೂ ಬದಲಾಯಿತು. ಮೊದಲು ತಾನಿನ (ವೇಗದ ಸ್ವರಸರಣಿಯ) ಒಂದೊಂದು ಸ್ವರವನ್ನೂ ಬೆನ್ನಟ್ಟುತ್ತಿದ್ದೆ. ಈಗ ರಾಗವನ್ನು ನಿಧಾನವಾಗಿ ಬೆಳೆಸುವ ಬಡತ್‌ನಲ್ಲಿ ಗವಾಯಿಗಳು ನಿಂತ ಸ್ವರವನ್ನಷ್ಟೇ, ಅರ್ಧ ಮಾತ್ರೆ ಹಿಂದೆ ಹಿಡಿಯುತ್ತೇನೆ. ಅವರು ಮುಖಡಾ (ಹಾಡಿನ ಮೊದಲ ತುಣುಕು) ಹಿಡಿದರೆ ಜೊತೆಗೆ ತಾಳದ ಮೊದಲ ಮಾತ್ರೆಯಾದ ಸಮ್‌ವರೆಗೆ. ಸಮ್ ಮೊದಲು ತಲುಪುವುದು ಅವರೇ. ಅವರು ಮೇಲಿನ ತಾರ ಷಡ್ಜಕ್ಕೆ ಹತ್ತುವಾಗ ಪೇಟಿಯ ಷಡ್ಜ ಮೊದಲೇ ಸಣ್ಣಗೆ ತೆರೆದಿರಬೇಕು. ದಣಿದ ದನಿಗೆ ಅದು ಗೋಡೆಯ ಆಸರೆ. 1940ರಲ್ಲಿ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟಾಗ ಇದ್ದ ತಕರಾರುಗಳಲ್ಲಿ ಶ್ರುತಿಯದು ನೀಗುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನದು ನೀಗುವುದಿಲ್ಲ. ದರ್ಬಾರಿ ರಾಗದ ಗಾಂಧಾರ ತೂಗತೊಡಗಿದರೆ ಬೆರಳೆತ್ತಿ ಷಡ್ಜದ ಮೇಲೆ ಕೂರುತ್ತೇನೆ.