ಮೂಡಿಗೆರೆ ಮಳೆಯಲ್ಲಿ ಸೋನಿಯಾ ಡೆಂಡ್ರೋಬಿಯಂ: ನನ್ನ ಅನುಭವ

ಮಲೆನಾಡಿನ ಮೂಡಿಗೆರೆಯಲ್ಲಿ ಡೆಂಡ್ರೋಬಿಯಂ ಆರ್ಕಿಡ್ (ನನ್ನದು ಅದರ ಸೋನಿಯಾ ತಳಿ) ಆಗಲ್ಲ, ಅದು ಕರಾವಳಿಯ ಸೆಖೆಗೇ ಸರಿ ಅಂದವರೇ ಈಗ ಮರಿ ಕೇಳುತ್ತಿದ್ದಾರೆ. ಮೂರು ಮಳೆಗಾಲ ದಾಟಿತು. ಈ ಸಲ ಹೋಗಿದ್ದು ಹತ್ತು-ಹನ್ನೆರಡು ಗಿಡ. ಮೊದಲ ವರ್ಷ 500ರಲ್ಲಿ 180ರ ಹತ್ತಿರ ಹೋಗಿತ್ತು. ಗಿಡಕ್ಕೆ 65-70 ರೂಪಾಯಿ, ಲೆಕ್ಕ ಹಾಕಿಕೊಳ್ಳಿ.

ಗಿಡ ಸತ್ತಿದ್ದು ಚಳಿಗಲ್ಲ, ಒದ್ದೆಗೆ. ಮೇಲೆ ಬರೀ 50 ಪರ್ಸೆಂಟ್ ಶೇಡ್ ನೆಟ್, ಕುಂಡದ ತುಂಬ ತೆಂಗಿನ ಸಿಪ್ಪೆ. ಜುಲೈನಲ್ಲಿ ಸಿಪ್ಪೆ ಹಿಂಡಿದರೆ ನೀರು ಸುರಿಯುತ್ತಿತ್ತು. ಹೊಸ ಚಿಗುರು ಬುಡದಲ್ಲಿ ಕಂದಾಗಿ, ಹಿಡಿದರೆ ಲೊಳಕ್ಕೆಂದು ಕಿತ್ತು ಬರುತ್ತಿತ್ತು. ಕಾಫಿ ಬೆಳೆಗಾರರ ಕೈ ಹೋಗುವುದು ಬೋರ್ಡೋಗೇ (ಮೈಲುತುತ್ತ, ಸುಣ್ಣ ಬೆರೆಸಿದ ಕೊಳೆರೋಗದ ಔಷಧಿ) ತಾನೆ? ಹೊಡೆದೆ. ಡೆಂಡ್ರೋಬಿಯಂಗೆ ತಾಮ್ರ ಸೇರುವುದಿಲ್ಲ. ಉಳಿದಿದ್ದ ಚಿಗುರಿನ ತುದಿಯೂ ಸುಟ್ಟು ಕಪ್ಪಾಯಿತು. ಪಕ್ಕದ ತೋಟದಲ್ಲಿ ಬೋರ್ಡೋ ಹೊಡೆಯುವ ದಿನ ಈಗ ಗಾಳಿ ಬರುವ ಕಡೆಗೆ ಟಾರ್ಪಾಲ್ ಇಳಿಬಿಡುತ್ತೇನೆ.

ಎರಡನೇ ವರ್ಷ ನೆಟ್ ಮೇಲೆ 200 ಮೈಕ್ರಾನ್ ದಪ್ಪದ, ಬಿಸಿಲು ತಡೆಯುವ ಯುವಿ ಪ್ಲಾಸ್ಟಿಕ್ ಶೀಟ್ ಹಾಕಿದೆ. ಕಂಬ, ಕೂಲಿ ಎಲ್ಲ ಸೇರಿ 40 ಸಾವಿರದ ಆಸುಪಾಸು. ಪಕ್ಕ ಪೂರ್ತಿ ಮುಚ್ಚಬೇಡಿ, ಗಾಳಿ ಆಡದಿದ್ದರೆ ಶೀಟಿನ ಒಳಮೈ ಬೆವರಿ ಎಲೆ ಮೇಲೇ ತೊಟ್ಟಿಕ್ಕುತ್ತದೆ. ಕುಂಡಕ್ಕೆ ಇದ್ದಿಲು ಮೂರು ಪಾಲು, ಹೆಂಚಿನ ಚೂರು ಎರಡು, ಸಿಪ್ಪೆ ಒಂದೇ ಪಾಲು. ಸಿಪ್ಪೆಯನ್ನು ನಾಲ್ಕು ದಿನ ನೀರು ಬದಲಿಸುತ್ತ ನೆನೆಸಿ, ಕಂದು ಬಣ್ಣ ಬಿಡುವುದು ನಿಂತ ಮೇಲೆ ಹಾಕಿ. ಕಾಫಿ ಸಿಪ್ಪೆಯನ್ನೂ ಇಪ್ಪತ್ತು ಕುಂಡದಲ್ಲಿ ನೋಡಿದೆ. ಎರಡೇ ತಿಂಗಳಿಗೆ ಕೊಳೆತು ಕೆಸರಾಯಿತು, ಬೇಡ. ಸಿಲ್ವರ್ ಓಕ್ ತೊಗಟೆ ಪರವಾಗಿಲ್ಲ, ಇನ್ನೊಂದು ವರ್ಷ ನೋಡಬೇಕು.

ನೀರಿಗೆ ಗಡಿಯಾರ ಬೇಡ, ಬೇರು ನೋಡಿ. ಒಣಗಿದ ಬೇರು ಬೂದಿ ಬಳಿದ ಹಾಗೆ ಬೆಳ್ಳಗೆ, ನೀರು ಕುಡಿದದ್ದು ಹಸಿರು. ಬೆಳ್ಳಗಾದ ಮಾರನೇ ದಿನ, ಬೆಳಗ್ಗೆ ಹತ್ತರೊಳಗೆ ಕೊಡುತ್ತೇನೆ. ಡಿಸೆಂಬರ್-ಜನವರಿಯಲ್ಲಿ ವಾರಕ್ಕೆ ಎರಡೇ ಸಲ. ಸಂಜೆ ಒದ್ದೆಯಾದ ಎಲೆ ಮೇಲೆ ರಾತ್ರಿ ಚಳಿ ಬಿದ್ದರೆ ಚುಕ್ಕೆ ಬಿದ್ದು ಉದುರುತ್ತದೆ. ಹಳೇ ದಂಟಿನ ಎಲೆ ನಾಲ್ಕು ಉದುರಿದರೆ ಹೆದರಿ ದಂಟು ಕತ್ತರಿಸಬೇಡಿ, ಅದೇ ದಂಟು ಮತ್ತೆ ಹೂ ಕೊಡುತ್ತದೆ.

ಗೊಬ್ಬರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು), ಲೀಟರಿಗೆ ಒಂದು ಗ್ರಾಂ, ವಾರಕ್ಕೊಮ್ಮೆ. ಮಳೆ ಬಿಟ್ಟ ಮೇಲೆ ಎರಡು ಸಲ ರಂಜಕ ಹೆಚ್ಚಿರುವ 13:40:13. ಕ್ಯಾಲ್ಸಿಯಂ ನೈಟ್ರೇಟ್ ಬೇರೆ ದಿನವೇ ಕೊಡಿ, ಒಂದೇ ಡ್ರಮ್ಮಿಗೆ ಸುರಿದರೆ ಬಿಳಿ ಗಸಿ ಕಟ್ಟಿ ನಾಝಲ್ ಕಟ್ಟಿಕೊಳ್ಳುತ್ತದೆ. ಮೊದಲ ಚಿಗುರಿಗೆ ಕೊಡುವ ಇನ್ನೊಂದು ದ್ರಾವಣವಿದೆ, ಅದರ ಅಳತೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈಗ ಗಿಡಕ್ಕೆ ವರ್ಷಕ್ಕೆ ಮೂರು-ನಾಲ್ಕು ಹೂವಿನ ಕಡ್ಡಿ, ಒಂದಕ್ಕೆ 15ರಿಂದ 20 ರೂಪಾಯಿ.  ಬಸವನಹುಳು ಮಾತ್ರ ಇನ್ನೂ ಬಗೆಹರಿದಿಲ್ಲ, ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ.