ಸ್ಕಾಟಿಷ್ ಅಜ್ಜನ ಹೆಸರಿನಲ್ಲಿ ಲಾಂಛನ: ಅರ್ಜಿ ಹಾಕುವುದು ಹೇಗೆ?

ಎಡಿನ್‌ಬರೋದ ರಾಯಲ್ ಮೈಲ್ ಬೀದಿಯ ಅಂಗಡಿಗಳಲ್ಲಿ ಮನೆತನದ ಹೆಸರಿರುವ ಗುರಾಣಿ, ಮಗ್, ಕೀಚೈನ್ ಧಾರಾಳವಾಗಿ ಸಿಗುತ್ತವೆ. ಕ್ಯಾಂಪ್‌ಬೆಲ್‌ಗೆ ಒಂದು, ಫ್ರೇಸರ್‌ಗೆ ಒಂದು, ಸ್ಟುವರ್ಟ್‌ಗೆ ಇನ್ನೊಂದು. ಇಷ್ಟವಾದರೆ ಕೊಂಡು ಗೋಡೆಗೆ ಹಾಕಿಕೊಳ್ಳಿ, ಚೆನ್ನಾಗಿರುತ್ತದೆ. ಆದರೆ ಅದು ನಿಮ್ಮ ಲಾಂಛನ ಅಲ್ಲ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಮನೆತನದ ಹೆಸರಿಗೆ ಲಾಂಛನ ಎಂಬುದೇ ಇಲ್ಲ. ಲಾಂಛನ ಒಬ್ಬ ವ್ಯಕ್ತಿಯ ಆಸ್ತಿ. ಅವರ ನಂತರ ಅದು ಒಬ್ಬ ವಾರಸುದಾರರಿಗೆ ಹೋಗುತ್ತದೆ. ಉಳಿದ ಮಕ್ಕಳು ಸಣ್ಣ ಬದಲಾವಣೆ ಮಾಡಿಸಿಕೊಂಡು ಬೇರೆಯದಾಗಿ ನೋಂದಾಯಿಸಿಕೊಳ್ಳಬೇಕು.

ನಮ್ಮಲ್ಲಿ ಈ ವಿಷಯ ಯಾರಿಗೆ ಬೇಕು ಎಂದು ಕೇಳಬಹುದು. ಬೆಂಗಳೂರು ಮತ್ತು ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಸ್ಕಾಟಿಷ್ ಹೆಸರುಗಳು ಕಡಿಮೆಯೇನಿಲ್ಲ. ಶ್ರೀರಂಗಪಟ್ಟಣಕ್ಕೆ 1799ರಲ್ಲಿ ಮುತ್ತಿಗೆ ಹಾಕಿದ ಸೇನೆಯಲ್ಲಿ ಸ್ಕಾಟಿಷ್ ಸಿಪಾಯಿಗಳಿದ್ದರು. ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚನ್ನು 1860ರ ದಶಕದಲ್ಲಿ ಕಟ್ಟಿದ್ದೇ ಸ್ಕಾಟ್ಲೆಂಡಿನವರ ಪ್ರಾರ್ಥನೆಗಾಗಿ. ಈ ಮನೆಗಳ ಮಕ್ಕಳು ಈಗ ಆಸ್ಟ್ರೇಲಿಯಾ, ಕೆನಡಾದಲ್ಲೂ ಇದ್ದಾರೆ.

ಯಾರನ್ನು ಕೇಳಬೇಕು?

ಲಾರ್ಡ್ ಲಯನ್ ಕಿಂಗ್ ಆಫ್ ಆರ್ಮ್ಸ್ ಎಂಬ ಅಧಿಕಾರಿಯನ್ನು. ಅವರ ಕಚೇರಿ ಎಡಿನ್‌ಬರೋದ ನ್ಯೂ ರಿಜಿಸ್ಟರ್ ಹೌಸ್‌ನಲ್ಲಿದೆ. ಹೆಸರು ಕೇಳಿ ನಾಟಕದ ಪಾತ್ರ ಅಂದುಕೊಳ್ಳಬೇಡಿ. ಅದು ನಿಜವಾದ ನ್ಯಾಯಾಲಯ, ಅದಕ್ಕೆ ತನ್ನದೇ ಸರ್ಕಾರಿ ವಕೀಲರೂ ಇದ್ದಾರೆ. ನೋಂದಣಿ ಇಲ್ಲದ ಲಾಂಛನ ಬಳಸುವುದು ಅಲ್ಲಿ ಅಪರಾಧ. ಡೊನಾಲ್ಡ್ ಟ್ರಂಪ್ ಅವರ ಅಬರ್ಡೀನ್‌ಶೈರ್ ಗಾಲ್ಫ್ ಯೋಜನೆಗೆ ಬಳಸಿದ್ದ ಲಾಂಛನಕ್ಕೂ ಇಲ್ಲಿಂದ ಆಕ್ಷೇಪ ಹೋಗಿತ್ತು. 2012ರಲ್ಲಿ ಅವರ ಕ್ಲಬ್ಬು ಕ್ರಮವಾಗಿ ಬೇರೆ ಲಾಂಛನ ಪಡೆಯಿತು.

ಕೊಟ್ಟ ಲಾಂಛನಗಳೆಲ್ಲ ಒಂದು ಸಾರ್ವಜನಿಕ ರಿಜಿಸ್ಟರಿನಲ್ಲಿ ದಾಖಲಾಗುತ್ತವೆ. 1672ರ ಕಾಯ್ದೆಯಿಂದ ಶುರುವಾದ ಈ ರಿಜಿಸ್ಟರು ಇಂದಿಗೂ ನಡೆಯುತ್ತಿದೆ.

ನಿಮ್ಮ ದಾರಿ ಯಾವುದು?

ಅರ್ಜಿಗೆ ಮುಂಚೆ ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ದಾರಿಗಳು ಮುಖ್ಯವಾಗಿ ಮೂರು.

ನಿಮ್ಮ ಪೂರ್ವಜರಿಗೆ ಆಗಲೇ ಲಾಂಛನವಿತ್ತು, ರಿಜಿಸ್ಟರಿನಲ್ಲೂ ಇದೆ ಅನ್ನಿ. ಆಗ ನೀವು ಕೇಳಬೇಕಾದ್ದು ಮೆಟ್ರಿಕ್ಯುಲೇಷನ್. ಇದು ನಮ್ಮ ಪೌತಿ ಖಾತೆಯ ಥರ. ಆಸ್ತಿ ಆಗಲೇ ಇದೆ, ನೀವು ಅದರ ಯಾವ ಕವಲು ಎಂದು ತೋರಿಸಿ ನಿಮ್ಮ ಹೆಸರಿಗೆ ದಾಖಲೆ ಮಾಡಿಸುತ್ತೀರಿ. ಹಿರಿಯ ವಾರಸುದಾರರ ಸಾಲಿನವರಲ್ಲದಿದ್ದರೆ ಗುರಾಣಿಯ ಸುತ್ತ ಒಂದು ಬಣ್ಣದ ಅಂಚನ್ನೋ ಬೇರೆ ಗುರುತನ್ನೋ ಸೇರಿಸುತ್ತಾರೆ. ಆ ಅಂಚು ನೋಡಿಯೇ ಬಲ್ಲವರು ಇದು ಯಾವ ಕವಲು ಎಂದು ಊಹಿಸುತ್ತಾರೆ.

ಪೂರ್ವಜರಿಗೆ ಲಾಂಛನ ಇರಲಿಲ್ಲ, ನೀವು ಸ್ಕಾಟ್ಲೆಂಡಿನಲ್ಲೇ ನೆಲೆಸಿದ್ದೀರಿ ಅಥವಾ ಅಲ್ಲಿ ಆಸ್ತಿ ಇದೆ. ಆಗ ನಿಮ್ಮ ಹೆಸರಿನಲ್ಲೇ ಹೊಸ ಲಾಂಛನ ಕೇಳಬಹುದು, ಅಜ್ಜ ಸ್ಕಾಟಿಷ್ ಆಗಿರಬೇಕೆಂದೂ ಇಲ್ಲ. ಗ್ಲಾಸ್ಗೋದಲ್ಲೋ ಅಬರ್ಡೀನ್‌ನಲ್ಲೋ ಕಾಯಂ ನೆಲೆಸಿರುವ ಕನ್ನಡಿಗರು ಅಜ್ಜ ಶಿವಮೊಗ್ಗದವರಾದರೂ ಅರ್ಜಿ ಹಾಕಬಹುದು!

ನೀವು ಹೊರದೇಶದವರು, ಅಜ್ಜ ಸ್ಕಾಟಿಷ್, ಅವರಿಗೆ ಲಾಂಛನ ಇರಲಿಲ್ಲ. ಇದೇ ಸ್ವಾರಸ್ಯದ ದಾರಿ. ತೀರಿಹೋದ ಆ ಅಜ್ಜನ ಹೆಸರಿಗೇ ಲಾಂಛನ ಕೊಡಿ ಎಂದು ಕೇಳಬಹುದು. ಅದು ಸಿಕ್ಕ ಮೇಲೆ, ವಂಶಸ್ಥರೆಂದು ನಿಮ್ಮ ಹೆಸರಿಗೆ ಮೆಟ್ರಿಕ್ಯುಲೇಷನ್. ಅಮೆರಿಕದ ಎಷ್ಟೋ ಜನ ಹೀಗೇ ಮಾಡಿಸಿಕೊಂಡಿದ್ದಾರೆ. ಅಜ್ಜ ಲಯನ್ ಅವರ ಅಧಿಕಾರದ ವ್ಯಾಪ್ತಿಗೆ ಬರುವವರಾಗಿದ್ದರು ಎಂಬುದನ್ನು ಮಾತ್ರ ತೋರಿಸಬೇಕು. ಭಾರತದ ಪ್ರಜೆಗಳಾದರೆ ಮೊದಲು ಲಯನ್ ಕ್ಲರ್ಕ್‌ಗೆ, ಅಂದರೆ ಆ ಕಚೇರಿಯ ದಾಖಲೆ ನೋಡಿಕೊಳ್ಳುವ ಅಧಿಕಾರಿಗೆ, ಒಂದು ಪತ್ರ ಬರೆದು, ಯಾವ ದಾರಿ ನಿಮಗೆ ಹೊಂದುತ್ತದೆ ಎಂದು ಕೇಳುವುದೇ ಲೇಸು. ನಮ್ಮ ಸಂವಿಧಾನದ 18ನೇ ವಿಧಿ ಹೊರದೇಶದ ಬಿರುದು ಸ್ವೀಕರಿಸಬಾರದು ಎನ್ನುತ್ತದೆ. ಲಾಂಛನದಿಂದ ಹೆಸರಿನ ಹಿಂದೆ ಮುಂದೆ ಏನೂ ಸೇರುವುದಿಲ್ಲ, ಆದರೂ ವಕೀಲರ ಬಳಿ ಒಮ್ಮೆ ಮಾತಾಡಿಬಿಡಿ.

ಇನ್ನೊಂದು ಮಾತು. ಲಾಂಛನ ಸಾಮಾನ್ಯವಾಗಿ ಮನೆತನದ ಹೆಸರಿನ ಜೊತೆಗೇ ಇಳಿಯುತ್ತದೆ. ಸ್ಕಾಟಿಷ್ ಸಂಬಂಧ ತಾಯಿಯ ಕಡೆಯಿಂದ ಬಂದಿದ್ದು ನಿಮ್ಮ ಹೆಸರು ಬೇರೆಯಾಗಿದ್ದರೆ ಲೆಕ್ಕ ಬದಲಾಗುತ್ತದೆ. ಪತ್ರದಲ್ಲಿ ಇದನ್ನು ಮೊದಲೇ ಹೇಳಿಬಿಡಿ.

ಕಾಗದ, ಕಾಗದ, ಕಾಗದ

ನಿಜವಾದ ಬೆವರು ಹರಿಯುವುದು ಇಲ್ಲಿ. ನಿಮ್ಮಿಂದ ಅಜ್ಜನವರೆಗೆ ಪ್ರತಿ ತಲೆಮಾರಿಗೂ ಜನನ, ಮದುವೆ, ಮರಣದ ದಾಖಲೆ ಬೇಕು. ಒಂದು ಕೊಂಡಿ ತಪ್ಪಿದರೂ ಅರ್ಜಿ ಅಲ್ಲೇ ನಿಲ್ಲುತ್ತದೆ. ಆನ್‌ಲೈನ್‌ನಲ್ಲಿ ಯಾರೋ ಹಾಕಿದ ವಂಶವೃಕ್ಷ ನಡೆಯುವುದಿಲ್ಲ. 'ನಮ್ಮಜ್ಜಿ ಹೇಳ್ತಿದ್ರು' ಅನ್ನುವುದೂ ನಡೆಯುವುದಿಲ್ಲ.

ಶುರು ಮಾಡುವುದು ಕೊನೆಯಿಂದ, ಅಂದರೆ ನಿಮ್ಮಿಂದ. ನಿಮ್ಮ ಜನನ ಪ್ರಮಾಣಪತ್ರ, ತಂದೆತಾಯಿಯ ಮದುವೆಯ ದಾಖಲೆ, ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ. ಎಷ್ಟೋ ಜನ ಪ್ರಸಿದ್ಧ ಪೂರ್ವಜನೊಬ್ಬನನ್ನು ಮೊದಲೇ ಆರಿಸಿಕೊಂಡು ಅಲ್ಲಿಂದ ಕೆಳಗಿಳಿಯಲು ನೋಡುತ್ತಾರೆ. ಅದು ದಾರಿ ತಪ್ಪಿಸುತ್ತದೆ.

ಸ್ಕಾಟ್ಲೆಂಡಿನ ಕಡೆಯ ದಾಖಲೆಗಳಿಗೆ 'ಸ್ಕಾಟ್ಲೆಂಡ್ಸ್ ಪೀಪಲ್' ಎಂಬ ಸರ್ಕಾರಿ ಜಾಲತಾಣವಿದೆ. ಅಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಆ ಮೊದಲ ವರ್ಷದ ನಮೂನೆಯಲ್ಲಿ ಎಷ್ಟು ವಿವರ ಕೇಳಿದ್ದರೆಂದರೆ, ಗುಮಾಸ್ತರಿಗೆ ಸಾಕುಸಾಕಾಗಿ ಮರುವರ್ಷವೇ ಅದನ್ನು ಮೊಟಕು ಮಾಡಿದರು. ನಿಮ್ಮ ಮನೆಯ ಯಾರಾದರೂ 1855ರಲ್ಲಿ ಅಲ್ಲಿ ಹುಟ್ಟಿದ್ದರೆ, ಮದುವೆಯಾಗಿದ್ದರೆ, ಸತ್ತಿದ್ದರೆ ನಿಮ್ಮ ಪುಣ್ಯ. ಅಲ್ಲಿನ ಮರಣದ ದಾಖಲೆಯಲ್ಲಿ ಸತ್ತವರ ತಂದೆಯ ಹೆಸರಷ್ಟೇ ಅಲ್ಲ, ತಾಯಿಯ ತವರುಮನೆಯ ಹೆಸರೂ ಇರುತ್ತದೆ. ಹೀಗಾಗಿ ಒಂದೇ ಹಾಳೆ ಎರಡು ತಲೆಮಾರನ್ನು ಜೋಡಿಸುತ್ತದೆ. 1855ಕ್ಕಿಂತ ಹಿಂದಕ್ಕೆ ಹೋದರೆ ಚರ್ಚಿನ ಹಳೆಯ ರಿಜಿಸ್ಟರುಗಳೇ ಗತಿ. ಕೆಲವು ಊರುಗಳಲ್ಲಿ ಅವು 16ನೇ ಶತಮಾನದಿಂದ ಇವೆ, ಕೆಲವೆಡೆ ನಡುವೆ ದೊಡ್ಡ ದೊಡ್ಡ ತೂತು. ಉಯಿಲುಗಳು ಆಗ ಕೈ ಹಿಡಿಯುತ್ತವೆ. ಹಳೆಯ ಲಾಂಛನಗಳ ರಿಜಿಸ್ಟರಿನ ಪುಟಗಳೂ ಇದೇ ತಾಣದಲ್ಲಿವೆ, ಅಜ್ಜನ ಹೆಸರು ಅಲ್ಲಿದೆಯೇ ಎಂದು ನೋಡಲು ಮರೆಯಬೇಡಿ.

ಭಾರತದ ಕೊಂಡಿಗೆ ಬೇರೆ ಕಡೆ ಹೋಗಬೇಕು. ಬ್ರಿಟಿಷರ ಕಾಲದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ದಾಖಲೆಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಇವೆ. ಬಂಗಾಳ, ಮದ್ರಾಸ್, ಬಾಂಬೆ ಎಂದು ವಿಂಗಡಿಸಿದ್ದಾರೆ. ಬೆಂಗಳೂರಿನ ಅಜ್ಜನನ್ನು ಮೊದಲು ಮದ್ರಾಸಿನ ಸಾಲಿನಲ್ಲಿ ಹುಡುಕಿ. ಕಂಪನಿ ಕಾಲದ ರಿಜಿಸ್ಟರುಗಳಲ್ಲಿ ತಾಯಿ ಇಲ್ಲಿಯವಳಾಗಿದ್ದರೆ ಆಕೆಯ ಹೆಸರನ್ನೇ ಬಿಟ್ಟಿರುವುದು ಜಾಸ್ತಿ. ಓದುವಾಗ ಸಿಟ್ಟು ಬರುತ್ತದೆ, ಬರಲೇಬೇಕು. ತಂದೆತಾಯಿ ಮದುವೆಯಾಗದೆ ಹುಟ್ಟಿದ ಮಗುವಾದರೆ ಅದನ್ನು ಮುಚ್ಚಿಡಬೇಡಿ. ಅದಕ್ಕೂ ಸ್ಕಾಟ್ಲೆಂಡಿನಲ್ಲಿ ಹಳೆಯ ಕ್ರಮವಿದೆ: ಎರಡು ಬಣ್ಣದ ತುಂಡುಗಳನ್ನು ಒಂದಾದ ಮೇಲೊಂದು ಜೋಡಿಸಿದ ಅಂಚು. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಇಡೀ ಅರ್ಜಿಯ ಮೇಲೇ ಅನುಮಾನ ಬರುತ್ತದೆ.

ಅರ್ಜಿ

ಅರ್ಜಿ ಲಾರ್ಡ್ ಲಯನ್ ಅವರ ಹೆಸರಿಗೆ ಬರೆದ ಮನವಿ. ನಿಮ್ಮ ಪೂರ್ತಿ ಹೆಸರು, ವಿಳಾಸ, ಓದು, ಕೆಲಸ, ಅಜ್ಜನವರೆಗಿನ ವಂಶ, ಕೊನೆಗೆ ಏನು ಬೇಕು ಎಂಬ ಕೋರಿಕೆ. ಪ್ರತಿ ಹೇಳಿಕೆಗೂ ಒಂದು ದಾಖಲೆ ಲಗತ್ತಿಸಿ ನಂಬರು ಹಾಕಿ.

ಶುಲ್ಕವನ್ನು ಕಾನೂನೇ ಗೊತ್ತು ಮಾಡಿದೆ, ಅದು ಸರ್ಕಾರದ ಖಜಾನೆಗೆ ಹೋಗುತ್ತದೆ. ಬರೀ ಗುರಾಣಿಗೆ ಒಂದು ದರ, ಮೇಲೆ ಶಿರೋಭೂಷಣ (ಗುರಾಣಿಯ ಮೇಲಿನ ಶಿರಸ್ತ್ರಾಣದ ತುದಿಯಲ್ಲಿ ಕೂರುವ ಆಕೃತಿ) ಮತ್ತು ಧ್ಯೇಯವಾಕ್ಯ ಸೇರಿದರೆ ಹೆಚ್ಚು. ಹೊಸ ಲಾಂಛನಕ್ಕೆ ರೂಪಾಯಿಯಲ್ಲಿ ಲಕ್ಷ ದಾಟುತ್ತದೆ. ಮೆಟ್ರಿಕ್ಯುಲೇಷನ್‌ಗೆ ಅದಕ್ಕಿಂತ ಕಡಿಮೆ. ಅಜ್ಜನ ಹೆಸರಿನ ದಾರಿಯಲ್ಲಿ ಎರಡೂ ಖರ್ಚು ನಿಮ್ಮದೇ. ದರ ಬದಲಾಗುತ್ತಿರುತ್ತದೆ, ಕಚೇರಿಯ ಪಟ್ಟಿ ನೋಡಿಯೇ ಹಣ ಹೊಂದಿಸಿ.

ಅರ್ಜಿಯಲ್ಲಿ ಒಂದು ಜಾಣತನ ಮಾಡಬಹುದು. ಲಾಂಛನ ಯಾರ್ಯಾರ ವಂಶಕ್ಕೆ ಸಲ್ಲಬೇಕು ಎಂದು ನೀವೇ ಕೋರಬಹುದು. 'ನನಗೆ, ನನ್ನ ಮಕ್ಕಳಿಗೆ' ಎಂದಷ್ಟೇ ಬರೆದರೆ ತಮ್ಮನ ಮಕ್ಕಳು, ಚಿಕ್ಕಪ್ಪನ ಮಕ್ಕಳು ಹೊರಗೆ ಉಳಿಯುತ್ತಾರೆ. 'ನನ್ನ ಅಜ್ಜನ ಇತರ ವಂಶಸ್ಥರಿಗೂ' ಎಂದು ಸೇರಿಸಿ ಕೇಳಿದರೆ ಅವರೂ ಮುಂದೆ ಕಡಿಮೆ ಖರ್ಚಿನಲ್ಲಿ ತಮ್ಮ ಪಾಲು ಮಾಡಿಸಿಕೊಳ್ಳಬಹುದು. ಖರ್ಚು ಹಂಚಿಕೊಳ್ಳಿ ಎಂದು ಅಣ್ಣತಮ್ಮಂದಿರನ್ನು ಕೇಳುವ ಮೊದಲು ಈ ಸಾಲು ಸೇರಿಸಿಕೊಳ್ಳಿ.

ಚಿತ್ರ ಹೇಗಿರಬೇಕು?

ನಿಮ್ಮ ಆಸೆ ಹೇಳಬಹುದು, ತೀರ್ಮಾನ ಅವರದು. ಹೆಸರು ಕ್ಯಾಂಪ್‌ಬೆಲ್ ಆಗಿದ್ದರೆ ಗುರಾಣಿಯನ್ನು ನಡುವಿನಿಂದ ಎಂಟು ತ್ರಿಕೋನ ಮಾಡಿ ಚಿನ್ನ, ಕಪ್ಪು ತುಂಬುವ ಮಾದರಿಯೇ ಆಧಾರ. ಫ್ರೇಸರ್ ಆದರೆ ನೀಲಿಯ ಮೇಲೆ ಬಿಳಿ ಹೂವು, ಸ್ಟುವರ್ಟ್ ಆದರೆ ಚಿನ್ನದ ಮೇಲೆ ನೀಲಿ-ಬಿಳಿ ಚೌಕಳಿಯ ಅಡ್ಡಪಟ್ಟಿ. ಬದಲಾವಣೆ ಇಲ್ಲದ ಮೂಲ ರೂಪ ಮನೆತನದ ಮುಖ್ಯಸ್ಥರಿಗೆ ಮಾತ್ರ. ಆಕೃತಿ, ಬಣ್ಣ ಸೇರಿಸಿ ನಿಮ್ಮದನ್ನು ಬೇರೆ ಮಾಡುತ್ತಾರೆ.

ಬಣ್ಣಕ್ಕೆ ಹಳೆಯ ನಿಯಮವಿದೆ. ಚಿನ್ನ ಮತ್ತು ಬೆಳ್ಳಿ ಲೋಹಗಳು, ಕೆಂಪು, ನೀಲಿ, ಹಸಿರು, ಕಪ್ಪು ಬಣ್ಣಗಳು. ಲೋಹದ ಮೇಲೆ ಲೋಹ ಬೇಡ, ಬಣ್ಣದ ಮೇಲೆ ಬಣ್ಣ ಬೇಡ. ದೂರದಿಂದ ಗುರುತು ಹತ್ತಲಿ ಎಂದು. ಕರ್ನಾಟಕದ ರಾಜ್ಯಲಾಂಛನದ ಗುರಾಣಿಯಲ್ಲಿ ಕೆಂಪಿನ ಮೇಲೆ ಬಿಳಿ ಗಂಡಭೇರುಂಡ ಇದೆಯಲ್ಲ, ಅದು ಈ ನಿಯಮಕ್ಕೆ ಸರಿಯಾಗಿ ಕೂರುತ್ತದೆ. ಎರಡು ತಲೆಯ ಹಕ್ಕಿ ಸ್ಕಾಟ್ಲೆಂಡಿಗೂ ಹೊಸದಲ್ಲ, ಪರ್ತ್ ನಗರದ ಲಾಂಛನದಲ್ಲಿ ಎರಡು ತಲೆಯ ಗರುಡ ಇದೆ. ಹಾಗಾಗಿ ಮೈಸೂರಿನ ನಂಟು ಇರುವವರು ಕೇಳಿ ನೋಡಬಹುದು. ನಮ್ಮ ಲಾಂಛನದ ಎರಡೂ ಬದಿ ನಿಂತ ಗಜಕೇಸರಿಗಳಂಥ ಪ್ರಾಣಿಗಳನ್ನು ಮಾತ್ರ ಕೇಳಬೇಡಿ. ಅವು ಅಲ್ಲಿ ಲಾರ್ಡ್‌ಗಳು, ಮನೆತನದ ಮುಖ್ಯಸ್ಥರಂಥವರಿಗೆ ಮೀಸಲು.

ಧ್ಯೇಯವಾಕ್ಯವೂ ಇಲ್ಲಿ ಲಾಂಛನದ ಭಾಗವೇ. ಇಂಗ್ಲೆಂಡಿನಲ್ಲಿ ಬೇಕಾದಾಗ ಬದಲಿಸಿಕೊಳ್ಳಬಹುದು, ಸ್ಕಾಟ್ಲೆಂಡಿನಲ್ಲಿ ಒಮ್ಮೆ ದಾಖಲಾದರೆ ದಾಖಲಾದಂತೆ. ಅದಕ್ಕೇ ಅವಸರದಲ್ಲಿ ಯಾವುದೋ ಲ್ಯಾಟಿನ್ ಸಾಲು ಬರೆದುಕೊಡಬೇಡಿ.

ಆಮೇಲೆ ಕಾಯುವುದು. ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷ ದಾಟಿ ಹೋಗುತ್ತದೆ. ನಡುವೆ ಕಚೇರಿಯಿಂದ ಪ್ರಶ್ನೆ ಬಂದರೆ ಕೂಡಲೇ ಉತ್ತರಿಸಿ, ಕಳಿಸಿದ ಪ್ರತಿ ಕಾಗದದ ನಕಲನ್ನೂ ಇಟ್ಟುಕೊಳ್ಳಿ. ಒಪ್ಪಿಗೆಯಾದ ಮೇಲೆ ಕಲಾವಿದರು ಕೈಯಲ್ಲೇ ಬರೆದು ಬಣ್ಣ ತುಂಬಿದ ಸನ್ನದು ನಿಮ್ಮ ಕೈ ಸೇರುತ್ತದೆ, ಅದರ ಪ್ರತಿ ಎಡಿನ್‌ಬರೋದ ರಿಜಿಸ್ಟರಿಗೆ ಹೋಗುತ್ತದೆ. ಲೆಟರ್‌ಹೆಡ್, ಉಂಗುರ, ಮನೆಬಾಗಿಲು, ಎಲ್ಲಿ ಬೇಕಾದರೂ ಹಾಕಿಸಿಕೊಳ್ಳಿ. ತಮ್ಮಂದಿರು ನೋಡಿ ತಾವೂ ಅದನ್ನೇ ಹಾಕಿಸಿಕೊಳ್ಳುತ್ತೇವೆ ಎಂದರೆ ಲಯನ್ ಕ್ಲರ್ಕ್ ವಿಳಾಸ ಕೊಡಿ.